ಹಿರಿಯರ ನೆನಪೂ ಸಭೆಯ ಪುಸ್ತಕವೂ

ಚರಿತ್ರೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಅರಸರು, ಕಾಳಗಗಳು, ಶಾಸನಗಳು. ಇದು ತಪ್ಪೇನೂ ಅಲ್ಲ. ನಮ್ಮ ಜಿಲ್ಲೆಯ ಮಟ್ಟಿಗಂತೂ ಶಾಸನಗಳಿಗೆ ಕೊರತೆಯಿಲ್ಲ. ಬಿ. ಎಲ್. ರೈಸರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 6ನೆಯ ಸಂಪುಟವೆಲ್ಲ ಅಂದಿನ ಕಡೂರು ಜಿಲ್ಲೆಯದೇ, ಎಂದರೆ ಇಂದಿನ ಚಿಕ್ಕಮಗಳೂರಿನದೇ. ಅದನ್ನು ತಿರುವಿ ನೋಡಿದರೆ ಗದ್ದೆಯನ್ನು ದಾನ ಕೊಟ್ಟವರ ಹೆಸರಿದೆ, ದಾನ ಪಡೆದವರ ಹೆಸರಿದೆ, ಗದ್ದೆಯ ನಾಲ್ಕು ಎಲ್ಲೆಗಳ ಹೆಸರೂ ಇದೆ. ಆ ಗದ್ದೆಯನ್ನು ಉತ್ತವರ ಹೆಸರನ್ನು ಕಾಣುವುದು ಮಾತ್ರ ಬಲು ಅಪರೂಪ. ಹಾಗಾದರೆ ಉತ್ತವರಿಗೆ ಚರಿತ್ರೆ ಇಲ್ಲವೆ? ಇದ್ದರೆ ಅದು ಎಲ್ಲಿದೆ? ಈ ಲೇಖನದಲ್ಲಿ ನಾನು ಈ ಪ್ರಶ್ನೆಯನ್ನು ಒಂದು ಚಿಕ್ಕ ಕಿಂಡಿಯ ಮೂಲಕ ನೋಡಲು ಪ್ರಯತ್ನಿಸಿದ್ದೇನೆ. ಆ ಕಿಂಡಿ ಯಾವುದೆಂದರೆ, ಮಲೆನಾಡಿನ ಕಾಫಿ ತೋಟಗಳ ನಡುವೆ ಇರುವ ಹಳ್ಳಿಯ ಕ್ರೈಸ್ತ ಸಭೆ.

ನಾನು ಮೂಡಿಗೆರೆ ತಾಲ್ಲೂಕಿನವನು. ಕಾಫಿಯ ಕಣ, ಲೈನು ಮನೆ, ಮೇಸ್ತ್ರಿಯ ಕೂಗು ಇವುಗಳ ನಡುವೆ ಬೆಳೆದವನು. ಚರಿತ್ರೆಯ ತರಗತಿಯಲ್ಲಿ ನಮ್ಮ ಅಧ್ಯಾಪಕರು ‘ನಿಮ್ಮ ಊರಿನ ಯಾವುದಾದರೊಂದು ಸಂಸ್ಥೆಯ ಕಥೆಯನ್ನು ಕೇಳಿ ಬರೆದುಕೊಂಡು ಬನ್ನಿ’ ಎಂದು ಹೇಳಿದಾಗ, ನಮ್ಮ ಕಡೆಯ ಒಂದು ಚಿಕ್ಕ ಪ್ರಾಟೆಸ್ಟೆಂಟ್ ಸಭೆಯ ನಾಲ್ಕಾರು ಹಿರಿಯರನ್ನು ಬಿಡುವಿನ ದಿನಗಳಲ್ಲಿ ಕಂಡು ಮಾತನಾಡಿಸಿದೆ. ಅವರು ಹೇಳಿದ್ದನ್ನು ಬರೆದುಕೊಂಡೆ. ಅವರೆಲ್ಲ ಮನೆಯ ಹಿರಿಯರಂತೆ ಮಾತನಾಡಿದರೇ ಹೊರತು ಪತ್ರಿಕೆಗಾಗಿ ಅಲ್ಲ. ಆದುದರಿಂದ ಅವರ ಹೆಸರನ್ನಾಗಲಿ, ಸಭೆಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ.

ವಿಷಯಕ್ಕೆ ಬರುವ ಮೊದಲು ಎರಡು ಮೂರು ಶಬ್ದಗಳನ್ನು ವಿವರಿಸುವುದು ಅವಶ್ಯಕ. ಹೊರಗಿನವರಾದ ನಾವು ಎಲ್ಲವನ್ನೂ ‘ಚರ್ಚು’ ಎಂದುಬಿಡುತ್ತೇವೆ. ಪ್ರಾಟೆಸ್ಟೆಂಟರಲ್ಲಿ ಕಟ್ಟಡವು ‘ದೇವಾಲಯ’, ಅಲ್ಲಿ ಸೇರುವ ಜನ ‘ಸಭೆ’. ಕರಾವಳಿಯಿಂದ ಬಂದ ರೋಮನ್ ಕ್ಯಾಥೊಲಿಕರು ‘ಇಗರ್ಜಿ’ ಎನ್ನುತ್ತಾರೆ. ಪ್ರಾಟೆಸ್ಟೆಂಟರಲ್ಲಿಯೇ ಆಡಳಿತದ ಕ್ರಮವನ್ನು ಅನುಸರಿಸಿ ಪಂಗಡಗಳಿವೆ. ಆಂಗ್ಲಿಕನರಲ್ಲಿ ಬಿಷಪ್ಪರ ಆಳಿಕೆ. ಪ್ರೆಸ್ಬಿಟೇರಿಯನರಲ್ಲಿ ಹಿರಿಯರ ಆಳಿಕೆ. ‘ಪ್ರೆಸ್ಬಿಟರ್’ ಎಂಬುದು ಗ್ರೀಕ್ ಮೂಲದ ಮಾತು. ಅದರ ಅರ್ಥ ‘ಹಿರಿಯ’ ಎಂದಷ್ಟೆ. 16ನೆಯ ಶತಮಾನದಲ್ಲಿ ಜಿನೀವಾ ನಗರದಲ್ಲಿ ಕಾಲ್ವಿನ್ನನು ಈ ಪದ್ಧತಿಯನ್ನು ರೂಪಿಸಿದನು. ಜಾನ್ ನಾಕ್ಸನೂ ಅವನ ಸಂಗಡಿಗರೂ 1560ರಲ್ಲಿ ಅದನ್ನು ಸ್ಕಾಟ್ಲೆಂಡಿನಲ್ಲಿ ನೆಲೆಗೊಳಿಸಿದರು. ಸಭೆಯ ಜನ ತಮ್ಮೊಳಗಿನಿಂದ ಕೆಲವರನ್ನು ಹಿರಿಯರನ್ನಾಗಿ ಆರಿಸುತ್ತಾರೆ. ಅವರೂ ಬೋಧಕರೂ ಒಟ್ಟಿಗೆ ಕುಳಿತು ಹಣಕಾಸು, ಶಿಸ್ತು, ಜಗಳ, ಬಡವರ ಸಹಾಯ ಇವನ್ನೆಲ್ಲ ನೋಡಿಕೊಳ್ಳುತ್ತಾರೆ. ನಮ್ಮ ಹಳ್ಳಿಯ ಪಂಚಾಯಿತಿ ಕಟ್ಟೆಯನ್ನು ಕಂಡವರಿಗೆ ಇದು ತೀರ ಹೊಸದೆಂದು ತೋರದು. ಆದರೆ ಒಂದು ವ್ಯತ್ಯಾಸವಿದೆ. ಕಟ್ಟೆಯ ಮೇಲೆ ಕೂರುವ ಹಕ್ಕು ಹುಟ್ಟಿನಿಂದ ಬರುತ್ತಿತ್ತು. ಇಲ್ಲಿ ಸಭೆಯವರು ಆರಿಸಿದುದರಿಂದ ಬರುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯುತ್ತದೆ.

ಅಚ್ಚ ಸ್ಕಾಟಿಷ್ ಪ್ರೆಸ್ಬಿಟೇರಿಯನ್ ದೇವಾಲಯವನ್ನು ನೋಡಬೇಕಾದರೆ ಬೆಂಗಳೂರಿಗೆ ಹೋಗಬೇಕು. ಅಲ್ಲಿನ ಸಂತ ಆಂಡ್ರೂಸ್ ‘ಕರ್ಕ್’ಗೆ 1864ರಲ್ಲಿ ಅಸ್ತಿಭಾರ ಹಾಕಿ 1866ರಲ್ಲಿ ಬಾಗಿಲು ತೆರೆದರು. ಅದು ದಂಡಿನ ಪ್ರದೇಶದ ಬಿಳಿಯರಿಗಾಗಿ ಆದದ್ದು. ಕನ್ನಡ ಹಳ್ಳಿಗಳಲ್ಲಿ ಹಿರಿಯರ ಪದ್ಧತಿಯನ್ನು ತಂದವರು ಮುಖ್ಯವಾಗಿ ಬಾಸೆಲ್ ಮಿಷನ್ನಿನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಸ್ವಿಸ್ ರಿಫಾರ್ಮ್ಡ್ ಪಂಥದವರೂ ಜರ್ಮನಿಯ ಲೂಥರನರೂ ಕೂಡಿದ್ದರು. ಅದರ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರ್ ತಿಂಗಳಲ್ಲಿ ಮಂಗಳೂರಿಗೆ ಬಂದರು. ಇತ್ತ ಹಳೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮೆಥಡಿಸ್ಟರು ಕೆಲಸ ಮಾಡುತ್ತಿದ್ದರು. ನಮ್ಮ ಜಿಲ್ಲೆ ಎರಡರ ಗಡಿಯಲ್ಲಿದೆ. ಘಟ್ಟದ ಕೆಳಗಿನಿಂದ ಬಾಸೆಲ್ ಮಿಷನ್ನಿನ ಮನೆತನಗಳೂ ಬಯಲುಸೀಮೆಯಿಂದ ವೆಸ್ಲಿಯನರೂ ಬಂದು ಸೇರಿದ ನೆಲ ಇದು.

ಬಂದದ್ದೇಕೆ ಎಂದರೆ ಒಂದೇ ಉತ್ತರ: ಕಾಫಿ. ಬಾಬಾ ಬುಡನ್ ಗಿರಿಯ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಹಿತ್ತಲ ಗಿಡವಾಗಿದ್ದ ಕಾಫಿ ದೊಡ್ಡ ತೋಟವಾದದ್ದು 1840ರ ಸುಮಾರಿನಿಂದ. ಕ್ಯಾನನ್ ಎಂಬ ಐರೋಪ್ಯನು ಚಿಕ್ಕಮಗಳೂರಿನ ಹತ್ತಿರ ಗಿರಿಯ ತೆಂಕಣ ಭಾಗದಲ್ಲಿ ತೋಟ ಮಾಡಿದನು. ಅಲ್ಲಿಂದ ಮುಂದೆ ಕಾಡು ಕಡಿಯುವುದಕ್ಕೆ, ಗುಂಡಿ ತೆಗೆಯುವುದಕ್ಕೆ, ಮರಗಸಿಗೆ, ಕಪಾತಿಗೆ, ಕುಯ್ಲಿಗೆ ಆಳುಗಳು ಸಾವಿರಗಟ್ಟಲೆ ಬೇಕಾದರು. ಮೇಸ್ತ್ರಿಗಳು ಮುಂಗಡ ಹಣ ಹಿಡಿದು ಚಾರ್ಮಾಡಿ ಘಟ್ಟ ಇಳಿದರು, ಬಯಲುಸೀಮೆಗೂ ಹೋದರು. ಕೂಲಿಯವರ ಹಿಂದೆ ಬಡಗಿ, ಗಾರೆಯವ, ಲೆಕ್ಕ ಬರೆಯುವ ರೈಟರು, ಕಂಪೌಂಡರು ಬಂದರು. ಹೀಗೆ ಬಂದವರಲ್ಲಿ ಕ್ರೈಸ್ತರೂ ಇದ್ದರು. ಬರುವಾಗ ಅವರು ತಂದದ್ದು ಒಂದು ಬೈಬಲು, ಒಂದು ಸಂಗೀತ ಪುಸ್ತಕ. ದೇವಾಲಯ ಆದದ್ದು ಎಷ್ಟೋ ವರ್ಷಗಳ ಮೇಲೆ.

ಹಿರಿಯರು ನನಗೆ ಹೇಳಿದ ಕಥೆಯ ಮೊದಲ ಭಾಗವೂ ಇದೇ. ಮೊದಮೊದಲು ಆರಾಧನೆ ನಡೆಯುತ್ತಿದ್ದುದು ಲೈನು ಮನೆಯ ಜಗಲಿಯಲ್ಲಿ. ಗಂಟೆಯ ಬದಲು ರೈಲು ಕಂಬಿಯ ಒಂದು ತುಂಡನ್ನು ಹಲಸಿನ ಮರಕ್ಕೆ ನೇತುಹಾಕಿ ಬಡಿಯುತ್ತಿದ್ದರಂತೆ. ವಾರದ ದಿನಗಳಲ್ಲಿ ಅದೇ ಕಂಬಿಯ ಸದ್ದು ಆಳುಗಳನ್ನು ಹಾಜರಿಗೆ ಕರೆಯುತ್ತಿತ್ತು. ಉಪದೇಶಿಗಳು ತಿಂಗಳಿಗೊಮ್ಮೆ, ಅಯ್ಯನವರು ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದರು. ಮಳೆಗಾಲದಲ್ಲಿ ಅದೂ ಇಲ್ಲ. ಕಳಸದ ಕಡೆ ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದರೆ ದಾರಿಯೇ ಕಟ್ಟಿಹೋಗುತ್ತಿದ್ದುದನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಥ ಮೂರು ನಾಲ್ಕು ತಿಂಗಳು ಸಭೆಯನ್ನು ನಡೆಸುತ್ತಿದ್ದವರು ಹಿರಿಯರೇ. ಮಗು ಹುಟ್ಟಿದರೂ ಯಾರಾದರೂ ತೀರಿಕೊಂಡರೂ ಪ್ರಾರ್ಥನೆ ಅವರದೇ. ಕ್ರಿಸ್ಮಸ್ ಹಬ್ಬ ಕಾಫಿ ಕುಯ್ಲಿನ ನಟ್ಟನಡುವೆ ಬರುವುದರಿಂದ ಅದು ಗಡಿಬಿಡಿಯ ಹಬ್ಬ. ಬೆಳೆಹಬ್ಬವೇ ಅವರಿಗೆ ಸಂಭ್ರಮದ ಹಬ್ಬ. ಮೆಣಸು, ಬಾಳೆಗೊನೆ, ಸುವರ್ಣಗೆಡ್ಡೆ, ಒಂದು ಕೋಳಿ, ಒಂದು ಸೇರು ಕಾಫಿ ಬೀಜ ಇವನ್ನು ಕಾಣಿಕೆಯಾಗಿ ತಂದು ಆರಾಧನೆಯ ಮೇಲೆ ಹರಾಜು ಹಾಕುತ್ತಿದ್ದರು. ಒಬ್ಬ ಅಜ್ಜಿ ನಗುತ್ತಾ ಹೇಳಿದರು: “ನಾವು ಕೊಟ್ಟ ಕೋಳಿಯನ್ನು ನಾವೇ ಹೆಚ್ಚು ದುಡ್ಡು ಕೊಟ್ಟು ತರುತ್ತಿದ್ದೆವು ಮಗಾ. ಇಲ್ಲದಿದ್ದರೆ ಮರುದಿನ ಮನೆಗೆ ಮೊಟ್ಟೆ ಎಲ್ಲಿಂದ?”

ಇಂಥ ಮಾತುಗಳನ್ನು ಯಾವ ವರದಿಯಲ್ಲಿಯೂ ಕಾಣಲಾರೆವು. ಆದರೆ ಚರಿತ್ರೆ ಬರೆಯುವವನಿಗೆ ಕಾಲವೂ ಬೇಕಲ್ಲವೆ? ಇಲ್ಲಿ ತೊಡಕು ಮೊದಲಾಗುತ್ತದೆ. ಹಿರಿಯರು ಇಸವಿಯನ್ನು ಹೇಳುವುದಿಲ್ಲ. ಹೂಮಳೆ ತಪ್ಪಿದ ವರ್ಷ, ದೊಡ್ಡ ಧಣಿಗಳು ತೋಟ ಮಾರಿದ ವರ್ಷ, ಕಾಫಿಗೆ ಬೆಲೆ ಏರಿದ ವರ್ಷ ಎಂದು ಹೇಳುತ್ತಾರೆ. ದೇವಾಲಯದ ಮಾಡನ್ನು ದೊಡ್ಡದು ಮಾಡಿದ್ದು ಯಾವಾಗ ಎಂದು ಕೇಳಿದರೆ, “ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಇಲ್ಲಿ ದುಡ್ಡು ಬಂದಾಗ” ಎಂದು ಒಬ್ಬರು ಥಟ್ಟನೆ ಉತ್ತರ ಕೊಟ್ಟರು. ಬ್ರೆಜಿಲ್ಲಿನಲ್ಲಿ ಅಂಥ ದೊಡ್ಡ ಹಿಮ 1975ರಲ್ಲಿಯೂ ಬಿದ್ದಿದೆ, 1994ರಲ್ಲಿಯೂ ಬಿದ್ದಿದೆ. ಎರಡು ಸಲವೂ ಲೋಕದ ಪೇಟೆಯಲ್ಲಿ ಕಾಫಿಯ ಬೆಲೆ ಜಿಗಿಯಿತು. ಹಾಗಾದರೆ ಯಾವುದು? ಮಾಡು ದೊಡ್ಡದಾದಾಗ ಅವರ ಹಿರಿಯ ಮಗಳು ಇನ್ನೂ ತೊಟ್ಟಿಲಲ್ಲಿದ್ದಳೆಂದು ಮಾತಿನ ನಡುವೆ ತಿಳಿಯಿತು. ಆಕೆಗೆ ಈಗ ಐವತ್ತರ ಹತ್ತಿರ. ಆದುದರಿಂದ ಅದು 1975ರ ಹಿಮವೇ, ಬೆಲೆ ಏರಿದ ಮುಂದಿನ ಒಂದೆರಡು ವರ್ಷಗಳ ಮಾತೇ ಎಂದು ನಿಶ್ಚಯಿಸಬಹುದು. ಹಿರಿಯರು ಹೇಳಿದ ಕಾಲ ಸುಳ್ಳಾಗಿರಲಿಲ್ಲ. ಅದನ್ನು ಇಸವಿಗೆ ತಿರುಗಿಸಿಕೊಳ್ಳುವ ಕೆಲಸ ಕೇಳುವವನದು.

ಮಾಡಿನ ಮಾತು ಬಂದುದರಿಂದ ಇನ್ನೊಂದು ಸಾಕ್ಷಿಯನ್ನೂ ಹೇಳುತ್ತೇನೆ. ಹೆಂಚು ಮಾತನಾಡುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಸರಕಾರ ಬಂಧನದಲ್ಲಿಟ್ಟು ಆಮೇಲೆ ಸ್ವದೇಶಕ್ಕೆ ಕಳುಹಿಸಿತು. ಯುದ್ಧದ ತರುವಾಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹೆಂಚಿನ ಮೈಮೇಲೆ ತಯಾರಕರ ಹೆಸರನ್ನು ಒತ್ತುವ ವಾಡಿಕೆಯಿದ್ದುದರಿಂದ, ಬಾಸೆಲ್ ಮಿಷನ್ ಎಂದಿರುವ ಹೆಂಚು ಯುದ್ಧಕ್ಕೆ ಹಿಂದಿನದು, ಕಾಮನ್‌ವೆಲ್ತ್ ಎಂದಿರುವುದು ಈಚಿನದು ಎಂದು ಸ್ಥೂಲವಾಗಿ ತಿಳಿಯಬಹುದು. ಆದರೆ ಹಳೆಯ ಹೆಂಚನ್ನು ಹೊಸ ಮನೆಗೆ ಹೊದಿಸುವ ಜಾಣತನ ನಮ್ಮವರಿಗೆ ಇಲ್ಲದಿಲ್ಲ. ಆದುದರಿಂದ ಹೆಂಚಿನ ಸಾಕ್ಷಿಯನ್ನು ಹಿರಿಯರ ಮಾತಿನೊಡನೆಯೂ, ಹಿರಿಯರ ಮಾತನ್ನು ಹೆಂಚಿನೊಡನೆಯೂ ಇಟ್ಟು ತೂಗಬೇಕು.

ನಾನು ನೋಡಿದ ಸಭೆಯಲ್ಲಿ ಕಾಗದದ ಸಾಕ್ಷಿ ಬಹು ಸ್ವಲ್ಪ. ಗೆದ್ದಲೂ ಮಳೆಯೂ ಹೆಚ್ಚಿನದನ್ನು ತಿಂದುಹಾಕಿವೆ. ಆದರೆ ಒಬ್ಬ ಹಿರಿಯರ ತಾಯಿಯ ತವರು ಕೊಡಗಿನ ಆನಂದಪುರ ಎಂದು ಮಾತಿನಲ್ಲಿ ಬಂತು. ಈ ಊರಿನ ಸಭೆಯದು ಬೇರೆಯೇ ಸ್ಥಿತಿ. ಅದರ ಹುಟ್ಟಿನ ಬಗೆಗೆ ಜನರ ನೆನಪೂ ಉಂಟು, ಅಚ್ಚಾದ ಬರಹವೂ ಉಂಟು. ಕಾಫಿ ಸೀಮೆಯ ಒಂದು ಸಭೆಯಲ್ಲಿ ನೆನಪು ಮತ್ತು ಬರಹ ಎರಡೂ ಸೇರಿದರೆ ಎಂಥ ಚರಿತ್ರೆ ದೊರೆಯುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಆದುದರಿಂದ ಓದುಗರು ನನ್ನೊಡನೆ ಸ್ವಲ್ಪ ಹೊತ್ತು ನೆರೆಯ ಕೊಡಗಿಗೆ ಬರಬೇಕು.

ಹರ್ಮನ್ ಮೋಗ್ಲಿಂಗರ ಹೆಸರು ಕನ್ನಡ ವಿದ್ಯಾರ್ಥಿಗಳಿಗೆ ಹೊಸದಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದವರು ಅವರೇ; ಹಳೆಯ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. ಆಲಮಂಡ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದು 1853ರಲ್ಲಿ ಅವರಿಂದ ದೀಕ್ಷಾಸ್ನಾನ ಪಡೆದರು. ಸೋಮಯ್ಯನವರ ಜೊತೆಯಲ್ಲಿ ಮೋಗ್ಲಿಂಗರೂ ಘಟ್ಟ ಹತ್ತಿ ಕೊಡಗಿಗೆ ಹೋದರು. ಮೊದಲ ಕೆಲವು ವರ್ಷ ಈ ಕೆಲಸ ಅವರ ಸ್ವಂತ ಹೊಣೆಯ ಮೇಲೆಯೇ ನಡೆಯಿತು. ಅವರು ನೆಚ್ಚಿಕೊಂಡಿದ್ದುದು ಕೊಡವ ಮನೆತನಗಳನ್ನು. ಆದರೆ ಬಂದವರು ಬೇರೆಯವರು. ಅಂದಿನ ದಾಖಲೆಗಳು ಹೊಲೆಯರೆಂದು ಹೆಸರಿಸುವ, ಗದ್ದೆಗಳಲ್ಲಿ ಜೀತಕ್ಕೆ ದುಡಿಯುತ್ತಿದ್ದ ಜನ ಅವರ ಬಾಗಿಲಿಗೆ ಬಂದು ನಿಂತರು.

ಈ ಜನರ ಸ್ಥಿತಿ ಏನಾಗಿತ್ತೆಂಬುದನ್ನು ತಿಳಿದಲ್ಲದೆ ಮುಂದಿನದು ಅರ್ಥವಾಗದು. ಕೊಡಗಿನಲ್ಲಿ ಅವರನ್ನು ಎರಡು ಬಗೆಯಾಗಿ ಎಣಿಸುತ್ತಿದ್ದರು. ‘ಭೂಮಿ ಜಮ್ಮ’ದವರು ನೆಲಕ್ಕೆ ಅಂಟಿದವರು, ಗದ್ದೆ ಯಾರ ಕೈಗೆ ಹೋದರೂ ಅವರು ಗದ್ದೆಯೊಡನೆಯೇ ಹೋಗಬೇಕು. ‘ಒಕ್ಕಲು ಜಮ್ಮ’ದವರು ಒಡೆಯನ ಸ್ವಂತ ಸೊತ್ತು, ಅವನು ಕರೆದೊಯ್ದಲ್ಲಿಗೆ ಹೋಗಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ 1843ರ 5ನೆಯ ಕಾಯಿದೆ ಬಂತು. ಒಬ್ಬನು ಇನ್ನೊಬ್ಬನ ಆಳೆಂಬ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಕೂಡದೆಂದು ಅದು ವಿಧಿಸಿತು. ಆದರೆ ಜೀತಕ್ಕಿಡುವುದನ್ನು ಅದು ಅಪರಾಧವೆಂದು ಹೇಳಲಿಲ್ಲ. ಆ ಮಾತು ಬಂದದ್ದು 1860ರ ದಂಡಸಂಹಿತೆಯಲ್ಲಿ. ಕಾಯಿದೆ ಹೊಲದ ಬದುವಿನ ತನಕ ನಡೆದು ಬರಲು ಬಹಳ ಕಾಲ ಹಿಡಿಯುತ್ತದೆ.

ಬಂದವರಿಗೆ ಇರಲು ನೆಲ ಬೇಕು, ಉಣ್ಣಲು ಕೆಲಸ ಬೇಕು. ಒಡೆಯನನ್ನು ಬಿಟ್ಟು ಬಂದವನು ರಾತ್ರಿ ಎಲ್ಲಿ ಮಲಗಬೇಕು? ಈ ಪ್ರಶ್ನೆಗೆ ಉತ್ತರವಾಗಿ 1850ರ ದಶಕದ ಕೊನೆಯ ವರ್ಷಗಳಲ್ಲಿ ದಕ್ಷಿಣ ಕೊಡಗಿನ ಸಿದ್ದಾಪುರದ ಹತ್ತಿರ ಆನಂದಪುರವೆಂಬ ಊರು ಎದ್ದಿತು. ಇದರಲ್ಲಿ ಮೋಗ್ಲಿಂಗರಿಗೆ ಹೆಗಲು ಕೊಟ್ಟವರು ಆನಂದರಾಯ ಕೌಂಡಿನ್ಯರು. ಮಂಗಳೂರಿನ ಸಾರಸ್ವತ ಮನೆತನದ ಈ ತರುಣರು 1844ರಲ್ಲಿ ಕ್ರೈಸ್ತರಾಗಿ, ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಬೋಧಕ ದೀಕ್ಷೆ ಪಡೆದು ಮರಳಿದ್ದರು. ಆನಂದಪುರದ ಕಾಫಿ ತೋಟದ ಹಿಂದೆ ಅವರ ಶ್ರಮವೂ ಹಣವೂ ಇತ್ತು. ಊರಿನ ಹೆಸರು ಅವರಿಂದಲೇ ಬಂತೆಂದು ಹೇಳುವವರುಂಟು. ಜೀತ ಕಳೆದವರಿಗೆ ಆನಂದದ ಊರು ಎಂಬ ಅರ್ಥದಿಂದ ಬಂತೆಂದು ಹೇಳುವವರೂ ಉಂಟು. ಎರಡೂ ಒಂದಕ್ಕೊಂದು ವಿರೋಧವಲ್ಲ. ಒಂದೇ ಊರಿನಲ್ಲಿ ಬ್ರಾಹ್ಮಣ ಮನೆತನದಿಂದ ಬಂದ ಬೋಧಕರೂ ಜೀತದಿಂದ ಬಂದ ಒಕ್ಕಲುಗಳೂ ಒಂದೇ ಸಭೆಯಾಗಿ ಕುಳಿತರೆಂಬುದನ್ನು ಮಾತ್ರ ಚರಿತ್ರೆಯ ವಿದ್ಯಾರ್ಥಿ ಗಮನಿಸದೆ ಇರಲಾರ.

ಆಮೇಲೆ ಕಷ್ಟಗಳು ಬಂದವು. ಮೋಗ್ಲಿಂಗರು 1860ರ ಸುಮಾರಿಗೆ ಇಂಡಿಯಾವನ್ನು ಬಿಟ್ಟು ಹೋದರು, ಮತ್ತೆ ಬರಲಿಲ್ಲ. 1860ರ ದಶಕದಲ್ಲಿ ಕಾಫಿ ಗಿಡಕ್ಕೆ ಕಾಂಡಕೊರಕ ಹುಳು ಬಿದ್ದು ಕೊಡಗಿನಲ್ಲಿಯೂ ಮೈಸೂರು ಸೀಮೆಯಲ್ಲಿಯೂ ತೋಟಗಳೇ ಒಣಗಿದವು. ಡಾಕ್ಟರ್ ಬೀಡಿ ಎಂಬವರು ಸರಕಾರದ ಪರವಾಗಿ ತೋಟಗಳನ್ನು ಸುತ್ತಿ ನೋಡಿ 1869ರಲ್ಲಿ ವರದಿ ಬರೆದರು. ಬಿಸಿಲಿಗೆ ತೆರೆದಿಟ್ಟ ತೋಟಗಳಲ್ಲಿಯೇ ಹುಳುವಿನ ಹಾವಳಿ ಹೆಚ್ಚೆಂದು, ನೆರಳು ಬೇಕೆಂದು ತಿಳಿಸಿದರು. ನಮ್ಮ ಚಿಕ್ಕಮಗಳೂರಿನ ಹಳೆಯ ‘ಚಿಕ್’ ತಳಿ ಹಾಳಾಗಿ, ಅದರ ಜಾಗದಲ್ಲಿ ಕೊಡಗಿನ ತಳಿಯನ್ನು ನೆಟ್ಟದ್ದೂ ಆ ಕಾಲದ ಸುಮಾರಿಗೇ. ಕಾಫಿಯನ್ನು ನೆಚ್ಚಿದ ಸಭೆಗೆ ಹುಳು ಬಿದ್ದ ವರ್ಷ ಎಂಥದೆಂದು ಕಾಫಿ ಸೀಮೆಯ ಓದುಗರಿಗೆ ಹೇಳಬೇಕಾಗಿಲ್ಲ. ಆದರೂ ಸಭೆ ಉಳಿಯಿತು.

ಈಗ ನೆನಪನ್ನೂ ಬರಹವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡೋಣ. ನೆನಪು ಹೇಳುವುದು: ‘ಪಾದ್ರಿಗಳು ನಮ್ಮ ಹಿರಿಯರ ಜೀತ ಬಿಡಿಸಿದರು.’ ಬರಹ ಹೇಳುವುದು: ಕಾಯಿದೆ 1843ರಲ್ಲಿಯೇ ಬಂದಿತ್ತು, 1854ರಿಂದ ಕೊಡಗಿನಲ್ಲಿ ಐರೋಪ್ಯರ ಕಾಫಿ ತೋಟಗಳು ಎದ್ದು ದಿನಗೂಲಿಯೆಂಬ ಹೊಸ ದಾರಿ ತೆರೆದಿತ್ತು, ಈ ನಡುವೆ ಮೋಗ್ಲಿಂಗರು ಬಂದರು. ಹೀಗೆ ಕಾಯಿದೆ, ಕೂಲಿ, ಸಭೆ ಮೂರೂ ಸೇರಿದಾಗ ಜೀತದ ಹಗ್ಗ ಸಡಿಲವಾಯಿತು. ನೆನಪು ಮೂರನ್ನು ಒಬ್ಬ ಮನುಷ್ಯನ ಆಕಾರದಲ್ಲಿ ಹಿಡಿದಿಟ್ಟುಕೊಂಡಿದೆ. ಅದು ಸ್ವಾಭಾವಿಕ. ಮನೆಯಲ್ಲಿ ಮಕ್ಕಳಿಗೆ ಕಾಯಿದೆಯ ಕಥೆಯನ್ನು ಯಾರು ಹೇಳುತ್ತಾರೆ?

ಹಾಗೆಂದು ಬರಹವೇ ಪೂರ್ಣ ಸತ್ಯವೆಂದೂ ತಿಳಿಯಬಾರದು. ಮಿಷನರಿಗಳ ವರದಿಗಳು ದೂರದ ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿ ಕಾಣಿಕೆ ಕೊಡುವವರು ಓದಲೆಂದು ಬರೆದವು. ಅವುಗಳಲ್ಲಿ ಬರೆದವರ ಕಣ್ಣಿಗೆ ಬಿದ್ದದ್ದಿದೆ, ಬೀಳದ್ದು ಇಲ್ಲ. ಜೀತ ಬಿಟ್ಟವರಿಗೆ ಸಭೆಯ ಶಿಸ್ತು ಎಂಬ ಹೊಸ ಕಟ್ಟೂ ಬಂತು. ಹೆಂಡ ಕುಡಿಯಕೂಡದು, ಹಳೆಯ ಹಬ್ಬಕ್ಕೆ ಹೋಗಕೂಡದು, ಭಾನುವಾರ ತಪ್ಪಕೂಡದು. ಬೋಧಕರೇ ಜಮೀನಿನ ಒಡೆಯರೂ ಆಗಿರುವಲ್ಲಿ ಎದುರಾಡುವುದು ಸುಲಭವಲ್ಲ. ಇದನ್ನು ವರದಿ ‘ಸುಧಾರಣೆ’ ಎನ್ನುತ್ತದೆ. ಅದನ್ನು ಅನುಭವಿಸಿದವರ ಮನೆಗಳಲ್ಲಿ ಗೌರವವೂ ಬಿಗುಮಾನವೂ ಕೂಡಿದ ನೆನಪು ಉಳಿಯುತ್ತದೆ. ಎರಡನ್ನೂ ಕೇಳಿದವನಿಗೆ ಮಾತ್ರ ನಿಜವಾದ ಚಿತ್ರ ಸಿಕ್ಕೀತು.

ಬರಹಗಳಲ್ಲೆಲ್ಲ ನನಗೆ ಹೆಚ್ಚು ಮುಖ್ಯವಾಗಿ ತೋರುವುದು ವರದಿಯಲ್ಲ, ಗ್ರಂಥವೂ ಅಲ್ಲ; ಸಭೆಯ ರಿಜಿಸ್ಟರು. ದೀಕ್ಷಾಸ್ನಾನ, ಮದುವೆ, ಮರಣ ಇವುಗಳ ಪುಸ್ತಕ. ಅದರ ರೂಪ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ: ಹೆಸರು, ತಂದೆ, ತಾಯಿ, ಊರು, ದಿನ, ಸಾಕ್ಷಿಗಳು. ಮೇಲುನೋಟಕ್ಕೆ ಇದರಷ್ಟು ನೀರಸವಾದ ಪುಸ್ತಕ ಬೇರೊಂದಿಲ್ಲ. ಆದರೆ ಯೋಚಿಸಿ ನೋಡಿದರೆ, ನೆಲದ ಲೆಕ್ಕದಲ್ಲಿ ಗದ್ದೆಯ ಜೊತೆಗೆ ‘ಆಳು ಇಷ್ಟು’ ಎಂದು ಎಣಿಕೆಯಾಗುತ್ತಿದ್ದ ಜನ ಈ ಪುಸ್ತಕದಲ್ಲಿ ಒಬ್ಬೊಬ್ಬರಾಗಿ, ತಂದೆತಾಯಿಗಳ ಹೆಸರಿನೊಡನೆ, ಬರವಣಿಗೆಗೆ ಬಂದರು. ಹೆಣ್ಣುಮಕ್ಕಳೂ ಬಂದರು. ನಾಲ್ಕು ದಿನ ಬದುಕಿ ಹೋದ ಕೂಸೂ ಬಂತು. ಶಾಸನ ಎಂದೂ ಕೆತ್ತದಿದ್ದ ಹೆಸರುಗಳು ಇವು. ಅವರೊಳಗಿನಿಂದಲೇ ಹಿರಿಯರನ್ನು ಆರಿಸುವ ಪದ್ಧತಿಯೂ ಬಂದುದರಿಂದ, ಪಂಚಾಯಿತಿ ಕಟ್ಟೆಯ ಹತ್ತಿರ ಸುಳಿಯಲಾಗದಿದ್ದವರ ಮಕ್ಕಳಿಗೆ ಒಂದು ಸಭೆಯ ವ್ಯವಹಾರದಲ್ಲಿ ಕುಳಿತು ಮಾತನಾಡುವ ಸ್ಥಾನವೂ ದೊರೆಯಿತು. ಮೇಲೆ ನಾನು ಹೇಳಿದ ವ್ಯತ್ಯಾಸ ಇದೇ.

ಶಬ್ದಗಳ ವಿಷಯದಲ್ಲಿ ಒಂದು ಎಚ್ಚರಿಕೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದ ಸಭೆಗಳು ಒಂದಾಗಿ ದಕ್ಷಿಣ ಇಂಡಿಯಾ ಸಭೆ ಎಂಬ ಹೆಸರು ತಾಳಿದವು. ಮುಂದೆ ದಕ್ಷಿಣ ಕನ್ನಡ, ಕೊಡಗುಗಳ ಬಾಸೆಲ್ ಮಿಷನ್ ಸಭೆಗಳೂ ಅದರಲ್ಲಿ ಸೇರಿದವು. 1970ರಲ್ಲಿ ಅದರ ಮೈಸೂರು ಡಯೋಸಿಸ್ ಮೂರಾಗಿ, ನಮ್ಮ ಜಿಲ್ಲೆಯೂ ಕೊಡಗೂ ಮಂಗಳೂರನ್ನು ಕೇಂದ್ರವಾಗಿ ಉಳ್ಳ ದಕ್ಷಿಣ ಡಯೋಸಿಸ್ಸಿಗೆ ಬಂದವು. ಹೀಗೆ ಒಂದಾದಾಗ ‘ಪ್ರೆಸ್ಬಿಟರ್’ ಎಂಬ ಮಾತಿನ ಅರ್ಥ ಬದಲಾಯಿತು. ಬಾಸೆಲ್ ಮಿಷನ್ನಿನ ಕಾಲದಲ್ಲಿ ಅದು ಸಭೆಯ ಸಾಮಾನ್ಯರೊಳಗಿನ ಹಿರಿಯನನ್ನು ಹೇಳುತ್ತಿತ್ತು. ಇಂದು ದೀಕ್ಷೆ ಪಡೆದ ಅಯ್ಯನವರನ್ನು ಹೇಳುತ್ತದೆ. ಮುದುಕರೊಬ್ಬರು ‘ನಮ್ಮ ತಾತ ಪ್ರೆಸ್ಬಿಟರ್ ಆಗಿದ್ದರು’ ಎಂದರೆ ತಾತ ಬೋಧಕರಾಗಿದ್ದರೆಂದು ಬರೆದುಕೊಳ್ಳಬಾರದು. ಅವರು ತೋಟದಲ್ಲಿ ಕಪಾತು ಮಾಡುತ್ತಲೇ ಪ್ರೆಸ್ಬಿಟರ್ ಆಗಿದ್ದಿರಬಹುದು.

ಇನ್ನೊಂದು ಸೂಕ್ಷ್ಮವೂ ಇದೆ. ಹಿರಿಯರು ಎಲ್ಲವನ್ನೂ ಹೇಳುವುದಿಲ್ಲ. ಮೂಲದ ಜಾತಿಯ ಪ್ರಶ್ನೆ ಬಂದಾಗ ಮಾತು ನಿಲ್ಲುತ್ತದೆ. ಕಾಫಿ ಲೋಟ ಮುಂದೆ ಬರುತ್ತದೆ. ಇದಕ್ಕೆ ಕಾರಣಗಳು ಹಲವು. ಹಳೆಯ ಅವಮಾನವನ್ನು ಮೊಮ್ಮಕ್ಕಳ ಎದುರಿಗೆ ತೆರೆಯುವುದು ಯಾರಿಗೂ ಹಿತವಲ್ಲ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರು ಪರಿಶಿಷ್ಟ ಜಾತಿಯ ಪಟ್ಟಿಗೆ ಸೇರುವುದಿಲ್ಲವಾದುದರಿಂದ, ಈ ಮಾತಿಗೆ ಕಛೇರಿಯ ಮುಖವೂ ಒಂದಿದೆ. ಹಾಗಿರುವಾಗ ಕೇಳುವವನು ಒತ್ತಾಯ ಮಾಡಬಾರದು. ಹೇಳದೆ ಬಿಟ್ಟ ಮಾತೂ ಚರಿತ್ರೆಗೆ ಸಾಕ್ಷಿಯೇ. ನಾನು ಅಲ್ಲಿ ಪುಸ್ತಕ ಮುಚ್ಚಿಟ್ಟು ಬೇರೆ ಮಾತು ತೆಗೆದೆ.

ಈ ಕೆಲಸಕ್ಕೆ ತಡಮಾಡುವಂತಿಲ್ಲ. ಲೈನು ಮನೆಯ ಜಗಲಿಯ ಆರಾಧನೆಯನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದವರು. ಅವರ ಮಕ್ಕಳು ಬೆಂಗಳೂರು, ಮಂಗಳೂರು ಸೇರಿದ್ದಾರೆ. ತೋಟಗಳಿಗೆ ಈಗ ಅಸ್ಸಾಮು, ಒಡಿಶಾ, ಬಂಗಾಳಗಳಿಂದ ಆಳುಗಳು ಬರುತ್ತಿದ್ದಾರೆ. ದೊಡ್ಡ ಸಂಸ್ಥೆಗಳ ಕಾಗದಕ್ಕೆ ಆಶ್ರಯವಿದೆ. ಬಾಸೆಲ್ ನಗರದ ದಾಖಲೆ ಭಂಡಾರದಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿಯೂ ಮಿಷನ್ನಿನ ಹಳೆಯ ಪುಸ್ತಕಗಳನ್ನು, ಕಾಗದಗಳನ್ನು ಕಾಪಾಡಿದ್ದಾರೆ. ಆದರೆ ಒಂದು ಹಳ್ಳಿಯ ಸಭೆಯ ರಿಜಿಸ್ಟರು ಆ ಹಳ್ಳಿಯ ಬೀರುವಿನಲ್ಲಿಯೇ ಇರುತ್ತದೆ, ಅದರ ಸುತ್ತಲಿನ ಮಾತು ಆ ಹಳ್ಳಿಯ ಬಾಯಲ್ಲಿಯೇ ಇರುತ್ತದೆ. ಬೀರುವನ್ನು ಗೆದ್ದಲು ತಿನ್ನುವ ಮೊದಲು ಪುಸ್ತಕದ ಪುಟಗಳನ್ನು, ಸಭೆಯವರ ಒಪ್ಪಿಗೆಯಿಂದ, ಚಿತ್ರ ತೆಗೆದಿಡುವುದು ಇಂದು ಕೈಯಲ್ಲಿ ಫೋನು ಇರುವ ಯಾವ ವಿದ್ಯಾರ್ಥಿಗೂ ಕಷ್ಟವಲ್ಲ. ಹಿರಿಯರ ಮಾತನ್ನು ಅವರದೇ ನುಡಿಯಲ್ಲಿ, ತುಳುವಾದರೆ ತುಳು, ಕನ್ನಡವಾದರೆ ಕನ್ನಡ, ತಿದ್ದದೆ ಬರೆದುಕೊಳ್ಳುವುದು ಅದಕ್ಕಿಂತ ಸ್ವಲ್ಪ ಕಷ್ಟ. ಅವರು ಹೇಳಿದ ಮಳೆ, ಬೆಲೆ, ಮದುವೆಗಳನ್ನು ಇಸವಿಗೆ ತಿರುಗಿಸಿ 1918ರ ಶೀತಜ್ವರ, 1924ರ ಮಹಾಪ್ರವಾಹ, 1956ರ ರಾಜ್ಯ ವಿಂಗಡಣೆ ಇಂಥ ಗೊತ್ತಾದ ಗೂಟಗಳಿಗೆ ಕಟ್ಟುವುದು ಮೂರನೆಯ ಕೆಲಸ. ಇವೆಲ್ಲ ನಮ್ಮ ತರಗತಿಯ ಪಾಠದಿಂದ ಹೊರಗಿನದೇನಲ್ಲ.

ನಾನು ಹೇಳಿದ್ದು ಒಂದು ಮತದವರ ವಿಷಯವಾದರೂ ನನ್ನ ಮಾತು ಆ ಮತಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ಗುಡ್ಡಗಳಲ್ಲಿ ಲೈನಿಗೊಂದು ದೈವದ ಕಟ್ಟೆ, ಮಸೀದಿ, ಭಜನೆಯ ಗುಡಿ ಇವೆ. ಎಲ್ಲವೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ಕಟ್ಟಿಕೊಂಡವೇ. ಮನೆಯಿಲ್ಲದಲ್ಲಿ ಮೊದಲು ಒಂದು ಕೂಡುವ ಜಾಗ ಮಾಡಿಕೊಂಡರು. ಆಮೇಲೆ ಆ ಜಾಗದಿಂದಲೇ ತಾವು ಯಾರೆಂಬುದನ್ನು ಹೇಳಿಕೊಂಡರು. ಅವರ ಹೆಸರು ಶಾಸನದಲ್ಲಿಲ್ಲ, ಗೆಜೆಟಿಯರಿನಲ್ಲಿಲ್ಲ. ಕೆಲವರ ಹೆಸರು ಸಭೆಯ ಪುಸ್ತಕದಲ್ಲಿದೆ. ಉಳಿದವರದು ಹಿರಿಯರ ಬಾಯಲ್ಲಿ ಮಾತ್ರ ಇದೆ. ರಜೆಗೆ ಊರಿಗೆ ಹೋಗುವ ಸಹಪಾಠಿಗಳು ಒಂದು ನೋಟುಪುಸ್ತಕವನ್ನು ಜೊತೆಗೆ ಒಯ್ದರೆ, ನಮ್ಮ ಮುಂದಿನ ವರ್ಷದ ಸಂಚಿಕೆಗೆ ಇಂಥ ಲೇಖನಗಳು ಹತ್ತಾದರೂ ಬರುವುದರಲ್ಲಿ ಸಂದೇಹವಿಲ್ಲ.